ಹಾಡಿಗೆ ಯಾರ ಕೊಳಗ?



ಶಿವಮೊಗ್ಗದಲ್ಲಿ ಈಚೆಗೆ ನಡೆದ ನಮ್ಮ ಒಂದು ಸಭೆಯಲ್ಲಿ ಸಣ್ಣದೊಂದು ಜಗಳವಾಯಿತು. ಸಭೆ ಕರೆದದ್ದು ಮೆಕ್ಕೆಜೋಳದ ಬೆಲೆಯ ಬಗ್ಗೆ. 2025-26ರ ಸಾಲಿಗೆ ಕೇಂದ್ರ ಸರ್ಕಾರ ತಾನೇ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಮಂಡಿಗೆ ಚೀಲ ಇಳಿಸಿದವನ ಕೈಗೆ ಬಂದದ್ದೆಷ್ಟು ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. ಸಭೆ ಶುರುವಾಗುವ ಮುಂಚೆ ಎಂದಿನಂತೆ ಹಾಡು ಇತ್ತು. ಒಂದಲ್ಲ, ನಾಲ್ಕು ಹಾಡು. ನಾಲ್ಕನೆಯದು ಮುಗಿಯುವಷ್ಟರಲ್ಲಿ ಹಿಂದೆ ಕೂತಿದ್ದ ಹುಡುಗನೊಬ್ಬ ಎದ್ದು ನಿಂತ. “ಅಣ್ಣಾ, ಬೆಲೆ ಮಾತಾಡೋಕೆ ಬಂದಿದ್ದೀವಿ. ಈ ಹಾಡಿಂದ ಕ್ವಿಂಟಾಲಿಗೆ ಎಷ್ಟು ರೂಪಾಯಿ ಏರ್ತದೆ ಅಂತ ಹೇಳಿ” ಅಂದ. ಹಾಡುತ್ತಿದ್ದವರ ಮುಖ ಸಣ್ಣದಾಯಿತು. ಮುಂದಿನ ಸಾಲಿನ ಹಿರಿಯರೊಬ್ಬರು “ಕೂತ್ಕಳೋ ತಮ್ಮಾ, ಹಾಡಿಲ್ದಿದ್ರೆ ಈ ಸಂಘಾನೇ ಇರ್ತಿರ್ಲಿಲ್ಲ” ಎಂದು ಗದರಿದರು. ಹುಡುಗ ಕೂತ. ಪ್ರಶ್ನೆ ಮಾತ್ರ ಕೂರಲಿಲ್ಲ. ಸಭೆ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನವರೆಗೂ ಅದೇ ಮಾತು ನಡೆಯಿತು.

ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನ ಪ್ರಶ್ನೆ ಲೆಕ್ಕದ ಪ್ರಶ್ನೆ. ಈ ಪತ್ರಿಕೆಯೇ ಬೆಲೆ ಮತ್ತು ಸಾಲದ ಲೆಕ್ಕಕ್ಕಾಗಿ ಹುಟ್ಟಿದ್ದು, ಲೆಕ್ಕ ಕೇಳಿದವನನ್ನು ನಾವು ಹ್ಯಾಗೆ ಬೈಯೋಣ? ಆದರೆ ಲೆಕ್ಕ ಹಾಕುವ ಮುಂಚೆ ಯಾವ ಅಳತೆಯಿಂದ ಅಳೀತೀವಿ ಅನ್ನೋದು ಗೊತ್ತಾಗಬೇಕು. ಈ ಜಿಲ್ಲೆಯವರಿಗೆ ಅಳತೆಯ ವಿಚಾರ ಬೇರೆಯವರು ಬಂದು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಅಳತೆಯ ಮೇಲೇ ಒಂದು ದೊಡ್ಡ ಹೋರಾಟ ನಡೆದಿದೆ. ಅದಕ್ಕೆ ಆಮೇಲೆ ಬರೋಣ. ಮೊದಲು ಒಂದು ಬೋರ್ಡಿನ ಕತೆ.

1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರು ಸ್ವತಂತ್ರವಾಯಿತು ಎಂದು ಸಾರಿದರು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಏರಿಸಿದರು. ಹುಡುಗರಲ್ಲೇ ಒಬ್ಬ ಅಮಲ್ದಾರ, ಇನ್ನೊಬ್ಬ ಸಬ್‌ಇನ್‌ಸ್ಪೆಕ್ಟರ್ ಆದ. ಊರ ಬಾಗಿಲಲ್ಲಿ ಬೋರ್ಡು ಬಿತ್ತು: ಸರ್ಕಾರದ ಅಧಿಕಾರಿಗಳಿಗೆ ಈ ಊರೊಳಗೆ ಪ್ರವೇಶವಿಲ್ಲ ಎಂಬ ಅರ್ಥದ ಬೋರ್ಡು. ಸ್ವಯಂನಿರ್ಣಯ ಅಂತ ಪುಸ್ತಕದಲ್ಲಿ ದೊಡ್ಡ ಪದ ಇದೆ. ಈಸೂರಿನವರು ಆ ಪದ ಕೇಳಿದ್ದರೋ ಇಲ್ಲವೋ, ಆದರೆ ನಮ್ಮ ಊರಲ್ಲಿ ಯಾರು ಕಾಲಿಡಬೇಕು, ಯಾರು ಇಡಬಾರದು ಅನ್ನೋದನ್ನು ನಾವೇ ತೀರ್ಮಾನ ಮಾಡ್ತೀವಿ ಎಂದು ಸುಣ್ಣವೋ ಬಣ್ಣವೋ ಅದ್ದಿ ಬರೆದರಲ್ಲ, ಆ ಪದಕ್ಕೆ ಅದಕ್ಕಿಂತ ಚೆನ್ನಾದ ಅರ್ಥ ನಮಗೆ ಗೊತ್ತಿಲ್ಲ.

ಆಮೇಲೆ ಆದದ್ದು ನಿಮಗೆ ಗೊತ್ತು. ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಪೊಲೀಸರೊಂದಿಗೆ ಬಂದರು, ಗುಡಿಯ ಹತ್ತಿರ ಘರ್ಷಣೆಯಾಯಿತು, ಆ ಇಬ್ಬರು ಅಧಿಕಾರಿಗಳೂ ಸತ್ತರು. ಬಳಿಕ ಪೊಲೀಸರು, ಮಿಲಿಟರಿ ಊರಿನ ಮೇಲೆ ಬಿದ್ದರು. ಜನ ಕಾಡು ಸೇರಿದರು. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಂಗಸರೂ ಶಿಕ್ಷೆ ಅನುಭವಿಸಿದರು. ಊರಿನ ಹೆಸರಿಗೆ ಪ್ರಾಸ ಕೂಡಿಸಿ ಕಟ್ಟಿದ ಘೋಷಣೆಯೊಂದು ಮಾತ್ರ ಉಳಿಯಿತು. ಶಿವಮೊಗ್ಗ ಸೀಮೆಯ ಶಾಲೆಯಲ್ಲಿ ಕಲಿತ ಯಾವ ಮಗುವನ್ನು ಕೇಳಿದರೂ ಅದನ್ನು ಹೇಳುತ್ತದೆ. ಕಟ್ಟಿದವರು ಯಾರು ಅಂತ ಕೇಳಿ, ಮಗು ಮೇಷ್ಟ್ರ ಮುಖ ನೋಡುತ್ತದೆ, ಮೇಷ್ಟ್ರು ಕಿಟಕಿ ನೋಡುತ್ತಾರೆ.

ಇದನ್ನು ಕೊರತೆ ಅಂತ ನಾವು ಹೇಳುತ್ತಿಲ್ಲ. ಕಟ್ಟಿದವನ ಹೆಸರು ಕಳೆದುಹೋಗುವಷ್ಟು ಬಾಯಿಂದ ಬಾಯಿಗೆ ಹೋದ ಮಾತು ಅದು. ಕಟ್ಟಿದವನು ಅದನ್ನು ಊರಿಗೆ ಕೊಟ್ಟುಬಿಟ್ಟ, ವಾಪಸು ಕೇಳಲಿಲ್ಲ, ಬಡ್ಡಿ ಕೇಳಲಿಲ್ಲ. ನಮ್ಮ ಓದುಗರಿಗೆ ಸಾಲ ಅಂದರೆ ಏನು ಅಂತ ಗೊತ್ತು. ಸಾಲ ಕೊಟ್ಟವನು ಬಾಗಿಲಿಗೆ ಬರ್ತಾನೆ. ಹೋರಾಟಕ್ಕೆ ಹಾಡು ಕೊಟ್ಟು ಆಮೇಲೆ ಬಾಗಿಲಿಗೆ ಬಂದವರೂ ಇದ್ದಾರೆ, ಟಿಕೆಟ್ಟಿಗೆ, ಅಕಾಡೆಮಿಯ ಸದಸ್ಯತ್ವಕ್ಕೆ, ಪ್ರಶಸ್ತಿಗೆ. ಹೆಸರು ಹೇಳಿ ಏನು ಪ್ರಯೋಜನ, ನೀವೇ ನೋಡಿದ್ದೀರಿ.

ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಈಸೂರಿನ ಬಗ್ಗೆ ವೇದಿಕೆಯ ಮೇಲೆ ಬರುವ ಹಾಡು-ರೂಪಕಗಳಲ್ಲಿ ಗಲ್ಲಿಗೇರಿದ ಐವರು ಬರ್ತಾರೆ, ಬರಲೇಬೇಕು. ಅವತ್ತು ಸತ್ತ ಆ ಇಬ್ಬರು ಅಧಿಕಾರಿಗಳು ಕೂಡ ಕನ್ನಡದವರೇ, ಸಂಬಳಕ್ಕೆ ಬಂದವರು. ಅವರ ಮನೆಯಲ್ಲೂ ಯಾರೋ ಕಾದಿದ್ದರು. ಕಾಡು ಸೇರಿದ ಹೆಂಗಸರು ಮಕ್ಕಳನ್ನು ಹ್ಯಾಗೆ ಸಾಕಿದರು ಅನ್ನೋದೂ ವೇದಿಕೆಯ ಮೇಲೆ ಬರೋದಿಲ್ಲ. ಹೋರಾಟದ ಜೊತೆ ನಿಲ್ಲೋದು ಅಂದರೆ ಹೋರಾಟಕ್ಕೆ ಹೂವಿನ ಹಾರ ಹಾಕೋದು ಅಂತ ತಿಳಿದ ಕಲೆ ಹೀಗೆ ಅರ್ಧ ಮಾತ್ರ ಹೇಳುತ್ತದೆ. ಆ ಊರಿನ ಹಿರಿಯರ ಜೊತೆ ಕೂತು ಮಾತಾಡಿದವರಿಗೆ ಗೊತ್ತು, ಅವರ ಮಾತಿನಲ್ಲಿ ಹೆಮ್ಮೆ ಎಷ್ಟಿದೆಯೋ ಸಂಕಟವೂ ಅಷ್ಟೇ ಇದೆ.

ಈಗ ಕೊಳಗದ ವಿಚಾರ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವುದಕ್ಕೆ ಭೂಮಾಲೀಕರ ಕೊಳಗ ಸರ್ಕಾರದ ಕೊಳಗಕ್ಕಿಂತ ದೊಡ್ಡದಿತ್ತು. ಉತ್ತವನು ಗೇಣಿದಾರ, ಬಿತ್ತವನು ಗೇಣಿದಾರ, ಕುಯ್ದು ಒಕ್ಕಿದವನೂ ಅವನೇ. ಕಣದಲ್ಲಿ ಭತ್ತ ರಾಶಿ ಹಾಕಿದ ಮೇಲೆ ಅಳೆಯುವ ಕೊಳಗ ಮಾತ್ರ ಧಣಿಯದು. ಸರ್ಕಾರದ ಮುದ್ರೆಯ ಕೊಳಗದಲ್ಲಿ ಅಳೀರಿ ಎಂದು ಕೇಳಿದ್ದೇ ಕಾಗೋಡಿನವರ ತಪ್ಪು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘ ಕಟ್ಟಿ ನಿಲ್ಲಿಸಿದರು. ಕೇಳಿದ್ದಕ್ಕೆ ಸಿಕ್ಕ ಉತ್ತರ, ಜಮೀನು ಬಿಡಿ. 1951ರ ಏಪ್ರಿಲಿನಲ್ಲಿ ಸತ್ಯಾಗ್ರಹ ಶುರುವಾಯಿತು. ನೇಗಿಲು ಹೊತ್ತು ಹೊಲಕ್ಕಿಳಿದವರನ್ನು ಪೊಲೀಸರು ಹಿಡಿದು ಒಯ್ಯುವುದು, ಮಾರನೆ ದಿನ ಇನ್ನೊಂದು ತಂಡ ಇಳಿಯುವುದು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷದವರೂ ಜೊತೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಆವಾಗ ಗೆದ್ದೆವೋ ಸೋತೆವೋ ಎಂದು ಹೇಳುವುದು ಕಷ್ಟ. ಉಳುವವನೇ ಒಡೆಯ ಎಂಬ ಕಾನೂನು ಗಟ್ಟಿಯಾಗಿ ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ. ಕಾಗೋಡಿನ ಹೊಲದಿಂದ ಆ ಕಾನೂನಿನವರೆಗೆ ಇಪ್ಪತ್ತಮೂರು ವರ್ಷದ ದಾರಿ.

ಕಾಗೋಡಿನ ಗೇಣಿದಾರರಲ್ಲಿ ಬಹುಪಾಲು ದೀವರು. ದೀವರ ಮನೆಯ ಹೆಣ್ಣುಮಕ್ಕಳ ಚಿತ್ತಾರ ನೀವು ನೋಡಿರುತ್ತೀರಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಈಗ ಇದೇ ಚಿತ್ತಾರ ಪೇಟೆಯ ಮಳಿಗೆಗಳಲ್ಲಿ ಚೌಕಟ್ಟಿನೊಳಗೆ ಮಾರಾಟಕ್ಕಿದೆ, ಇರಲಿ. ನಾವು ಹೇಳಬೇಕೆಂದಿರುವುದು ಭೂಮಿ ಹುಣ್ಣಿಮೆಯ ಬುಟ್ಟಿಯ ಬಗ್ಗೆ. ಪೈರು ಹೊಡೆ ತುಂಬುವ ಕಾಲಕ್ಕೆ ಭೂಮಿತಾಯಿ ಬಸುರಿ ಎಂದು ಅವಳಿಗೆ ಬಯಕೆಯ ಊಟ. ಭೂಮಣ್ಣಿ ಬುಟ್ಟಿಗೆ ಹೆಂಗಸರು ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ, ರಾತ್ರಿಯೆಲ್ಲಾ ಅಡುಗೆ ಮಾಡುತ್ತಾರೆ, ನಸುಕಿನಲ್ಲಿ ಗಂಡಸರು ಆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ.

ಓದುಗರೇ, ಒಂದು ಸಲ ಯೋಚನೆ ಮಾಡಿ. 1951ಕ್ಕೆ ಮುಂಚೆ, ಆಮೇಲೂ ಎಷ್ಟೋ ವರ್ಷ, ಆ ಬುಟ್ಟಿ ಹೋಗುತ್ತಿದ್ದುದು ಧಣಿಯ ಗದ್ದೆಗೆ. ಪಹಣಿಯಲ್ಲಿ ಇನ್ನೊಬ್ಬನ ಹೆಸರಿರುವ ಮಣ್ಣಿಗೆ ಇವರು ಸೀಮಂತ ಮಾಡುತ್ತಿದ್ದರು. ಅದನ್ನು ಯಾರೂ ಹೋರಾಟ ಅಂತ ಕರೆಯಲಿಲ್ಲ, ಬರೆದ ಹೆಂಗಸರಂತೂ ಕರೆಯಲಿಲ್ಲ. ಆದರೆ ಈ ಮಣ್ಣು ನನಗೆ ನಂಟು ಅನ್ನೋ ಮಾತು ಕೋರ್ಟಿನ ಕಾಗದಕ್ಕಿಂತ ಎಷ್ಟೋ ಮೊದಲು ಆ ಬುಟ್ಟಿಯ ಮೇಲೆ ಬರೆದಿತ್ತು. ಹೊರಗಿನಿಂದ ಬಂದ ಲೋಹಿಯಾ ಆಗಲಿ ಗೋಪಾಲಗೌಡರಾಗಲಿ ಆ ನಂಟನ್ನು ಕಲಿಸಿಕೊಡಬೇಕಾಗಿರಲಿಲ್ಲ. ಅವರು ಬಂದು ಪಕ್ಕದಲ್ಲಿ ನಿಂತರು, ಜೈಲಿಗೆ ಹೋದರು. ಪಕ್ಕದಲ್ಲಿ ನಿಲ್ಲುವುದಕ್ಕೂ ಮುಂದೆ ನಿಂತು ಎಳೆಯುವುದಕ್ಕೂ ಇರುವ ವ್ಯತ್ಯಾಸ ನೇಗಿಲಿಗೆ ಎತ್ತು ಹೂಡಿದವರಿಗೆ ಗೊತ್ತಾಗದೆ ಇರೋದಿಲ್ಲ.

ಹಾಗಾದರೆ ನಮ್ಮ ಮಾತು ಇಷ್ಟೆ. ಒಂದು ಜನ ತಮ್ಮ ಬಾಳನ್ನು ತಾವೇ ತೀರ್ಮಾನ ಮಾಡೋದು ಅಂದರೆ ಕೊಳಗವನ್ನು ತಮ್ಮ ಕೈಗೆ ತಗೊಳ್ಳೋದು. ಅವರ ಜೊತೆ ನಿಲ್ಲುತ್ತೇನೆ ಅನ್ನುವ ಕಲೆಯನ್ನೂ ಆ ಜನರ ಕೊಳಗದಿಂದಲೇ ಅಳೆಯಬೇಕು. ಬೆಂಗಳೂರಿನ ವಿಮರ್ಶಕನದು, ದೆಹಲಿಯ ಪ್ರಶಸ್ತಿ ಸಮಿತಿಯದು, ಹಾಡುಗಾರನ ಸ್ವಂತದ್ದು, ಎಲ್ಲವೂ ಬೇರೆ ಬೇರೆ ಕೊಳಗ.

1980ಕ್ಕೆ ಬನ್ನಿ. ಆ ವರ್ಷ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಯಿತು. ಅದೇ ವರ್ಷ ಶಿವಮೊಗ್ಗದ ಕಬ್ಬು ಬೆಳೆಗಾರರ ನಡುವಿನಿಂದ ರೈತ ಸಂಘ ಎದ್ದಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮುಂತಾದವರ ಹೆಸರು ಹಳ್ಳಿಹಳ್ಳಿಗೆ ಹರಡಿತು. ರೈತ ಸಾಲಗಾರನಲ್ಲ, ಇಷ್ಟು ವರ್ಷ ಬೆಳೆಗೆ ಬೆಲೆ ಕೊಡದ ಸರ್ಕಾರವೇ ರೈತನಿಗೆ ಬಾಕಿ ಎಂದು ಸಂಘ ಲೆಕ್ಕವನ್ನು ತಿರುಗಿಸಿ ಹಾಕಿತು. ಜಪ್ತಿಗೆ ಮರುಜಪ್ತಿ ಬಂತು. ಮತ್ತೆ ಬಂತು ನೋಡಿ, ಬೋರ್ಡು! ಊರ ಬಾಗಿಲಲ್ಲಿ, ಸಾಲ ವಸೂಲಿಗೆ ಬರುವ ಅಧಿಕಾರಿಗಳು ಊರಿನವರ ಅಪ್ಪಣೆ ಇಲ್ಲದೆ ಒಳಗೆ ಬರಕೂಡದು ಎಂದು. ಈಸೂರಿನ ಬೋರ್ಡನ್ನು ನೋಡಿ ಬರೆದರೋ, ನೋಡದೆಯೇ ಬರೆದರೋ, ನಲವತ್ತು ವರ್ಷದ ನಂತರ ಅದೇ ಜಿಲ್ಲೆಯಲ್ಲಿ ಅದೇ ಮಾತು. ಆಗ ಇಂಗ್ಲಿಷರ ಕಾಲದ ಅಧಿಕಾರಿಗೆ, ಈಗ ನಾವೇ ಓಟು ಹಾಕಿ ಕೂರಿಸಿದ ಸರ್ಕಾರದ ಅಧಿಕಾರಿಗೆ. 1982ರಲ್ಲಿ ಹೊಳೆಹೊನ್ನೂರು ಕಡೆಯ ನಾಗಸಮುದ್ರದಲ್ಲಿ ಗುಂಡು ಹಾರಿತು.

ಆ ಬೋರ್ಡುಗಳನ್ನು ಬರೆದವರನ್ನು ಯಾವ ಇತಿಹಾಸವೂ ಕಲಾವಿದ ಎಂದು ಕರೆದಿಲ್ಲ. ಸೈಕಲ್ ಅಂಗಡಿಯ ಹೆಸರು ಬರೆಯುವವನು, ಲಾರಿಯ ಹಿಂದೆ ಹದ್ದಿನ ಚಿತ್ರ ಬಿಡಿಸುವವನು, ಅಕ್ಷರ ದುಂಡಗಿರುವ ಹೈಸ್ಕೂಲು ಹುಡುಗ, ಇಂಥವರ ಕೈಯಿಂದಲೇ ಎಷ್ಟೋ ಬೋರ್ಡು ಎದ್ದವು. ಹೆಗಲ ಮೇಲಿನ ಹಸಿರು ಶಾಲನ್ನೂ ನಾವು ಇದೇ ಸಾಲಿಗೆ ಸೇರಿಸುತ್ತೇವೆ. ಒಂದು ಗಜ ಬಟ್ಟೆ, ಒಂದೇ ಬಣ್ಣ. ತಾಲ್ಲೂಕು ಕಚೇರಿಯಲ್ಲಿ ಗಂಟೆಗಟ್ಟಲೆ ನಿಂತು ಕಾಯುತ್ತಿದ್ದವನು ಆ ಶಾಲು ಹಾಕಿಕೊಂಡ ದಿನ ಕುರ್ಚಿ ಎಳೆದು ಕೂತ. ಆ ಹುಡುಗನ ಪ್ರಶ್ನೆಗೆ ಇದೂ ಒಂದು ಉತ್ತರ ಎನ್ನಬಹುದು. ಕ್ವಿಂಟಾಲಿಗೆ ಎಷ್ಟು ಏರಿತೋ ತಿಳಿಯದು, ಬೆನ್ನು ನೆಟ್ಟಗಾಯಿತು. ಆದರೆ ಇಷ್ಟಕ್ಕೇ ಸಮಾಧಾನ ಮಾಡಿಕೊಂಡರೆ ಶಾಲು ಬರೀ ಬಟ್ಟೆಯಾಗುತ್ತದೆ. ಇವತ್ತು ಚುನಾವಣೆ ಬಂದರೆ ಸಾಕು, ಎಲ್ಲ ಪಕ್ಷದವರ ಹೆಗಲ ಮೇಲೂ ಹಸಿರು ಶಾಲೇ!

ನಮ್ಮ ಸಭೆಗಳಲ್ಲಿ ಎದ್ದು ನಿಂತು ಹಾಡುವ ಕುವೆಂಪು ಅವರ ನೇಗಿಲಯೋಗಿಯ ಹಾಡಿನ ಬಗ್ಗೆಯೂ ಒಂದು ಮಾತು. ತೀರ್ಥಹಳ್ಳಿ ಸೀಮೆಯ ಕವಿ, ನಮ್ಮವರು, ಆ ಹಾಡಿನ ಗೌರವಕ್ಕೆ ಎಳ್ಳಷ್ಟೂ ಕುಂದು ಬೇಡ. ಆದರೂ ತಮಾಷೆ ನೋಡಿ. ಆ ಹಾಡಿನ ಯೋಗಿ ಪ್ರತಿಫಲ ಕೇಳದೆ ದುಡಿಯುವವನು. ಹಾಡು ಮುಗಿದ ಕೂಡಲೆ ನಾವು ಕೂತು ಮಾತಾಡುವುದೇ ಪ್ರತಿಫಲದ ವಿಚಾರ, ವೈಜ್ಞಾನಿಕ ಬೆಲೆಯ ವಿಚಾರ. ಮಂತ್ರಿಗಳಿಗೆ ಆ ಹಾಡು ಅಷ್ಟು ಇಷ್ಟವಾಗೋದು ಯಾಕೆ ಅಂತ ಒಂದೊಂದು ಸಲ ನಮಗೆ ಅನುಮಾನ ಬರುತ್ತದೆ. ಆದರೆ ಜನ ಅದನ್ನು ತಮ್ಮ ಕೊಳಗದಲ್ಲೇ ಅಳೆದುಕೊಂಡಿದ್ದಾರೆ. ಯೋಗಿ ಅನ್ನೋದನ್ನು ಮರ್ಯಾದೆಯ ಮಾತಾಗಿ ತಗೊಂಡರು, ಬೆಲೆ ಕೇಳಬಾರದು ಅನ್ನೋ ಉಪದೇಶವಾಗಿ ತಗೊಳ್ಳಲಿಲ್ಲ.

ಇಲ್ಲಿಂದ ಹದಿನೈದು-ಇಪ್ಪತ್ತು ಕಿಲೋಮೀಟರು ಭದ್ರಾವತಿ. ಕಬ್ಬಿಣದ ಊರು, ಕಾಗದದ ಊರು. ಅಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದ ನಡುವೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಆ ಸಮಿತಿ ಹಳ್ಳಿಗೆ ಹೋದದ್ದು ಹಾಡಿನ ಮೂಲಕ. ಭಾಷಣ ಆಮೇಲೆ. ಕೇರಿಯಲ್ಲಿ ತಮಟೆ ಬಾರಿಸಿದರೆ ಜನ ಸೇರ್ತಾರೆ, ಹಾಡು ಹೇಳಿದರೆ ಮಕ್ಕಳು ಕಲಿತು ಮಾರನೆ ದಿನ ದನ ಕಾಯುವಾಗ ಹಾಡ್ತಾರೆ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪುಸ್ತಕದ ಅಂಗಡಿಗಿಂತ ಹೆಚ್ಚಾಗಿ ಹೀಗೇ ಊರೂರು ತಲುಪಿತು. ಇಲ್ಲಿ ತಮಟೆ ಎಂಬುದನ್ನೂ ಗಮನಿಸಿ. ಊರ ಹಬ್ಬಕ್ಕೆ, ಊರ ಹೆಣಕ್ಕೆ ಬಿಟ್ಟಿ ಬಾರಿಸಬೇಕಾಗಿದ್ದ ವಾದ್ಯ ಅದು. ಅದನ್ನೇ ಎತ್ತಿಕೊಂಡು, ಈಗ ನಮಗಾಗಿ ಬಾರಿಸ್ತೀವಿ, ನಿಮ್ಮ ಹಬ್ಬಕ್ಕೆ ಬಿಟ್ಟಿ ಬಾರಿಸೋದಿಲ್ಲ ಅಂದರು. ಸ್ವಯಂನಿರ್ಣಯದ ಪಾಠವನ್ನು ಅವರು ಚರ್ಮಕ್ಕೆ ಬೆಂಕಿ ಕಾಯಿಸುತ್ತಾ ಹೇಳಿದರು.

ಅದೇ ಕಾಲಕ್ಕೆ ‘ಸಮುದಾಯ’ ತಂಡ ಬೀದಿನಾಟಕ ಹಿಡಿದು ಊರೂರು ತಿರುಗಿತು. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ಹನ್ನೊಂದು ಜನರನ್ನು ಕೊಂದು ಸುಟ್ಟುಹಾಕಿದರು, ಹೆಚ್ಚಿನವರು ದಲಿತರು. ಸಿ.ಜಿ. ಕೃಷ್ಣಸ್ವಾಮಿ ಅದನ್ನು ‘ಬೆಲ್ಚಿ’ ಎಂಬ ಬೀದಿನಾಟಕ ಮಾಡಿದರು. ಪರದೆ ಇಲ್ಲ, ಬಣ್ಣ ಇಲ್ಲ, ಲೈಟಿಲ್ಲ. ಸಂತೆಯಲ್ಲಿ ದುಂಡಗೆ ಜಾಗ ಬಿಡಿಸಿದರೆ ಅದೇ ರಂಗ. ಬಿಹಾರ ಎಲ್ಲಿದೆ ಅಂತ ಗೊತ್ತಿಲ್ಲದವರು ನಾಟಕ ನೋಡಿ, ಇದು ನಮ್ಮ ಪಕ್ಕದೂರಿನ ಕತೆಯಲ್ವಾ ಅಂದರು. ದೂರದ ಜನರ ಹೋರಾಟದ ಜೊತೆ ನಿಲ್ಲೋದು ಅಂದರೆ ಹೀಗೆ. ಅವರ ಕತೆ ಹೇಳುತ್ತಾ ಹೇಳುತ್ತಾ ಕೇಳುವವನ ಅಂಗಳಕ್ಕೇ ಬರಬೇಕು. ಬಿಹಾರದವರ ಬಗ್ಗೆ ಅಯ್ಯೋ ಪಾಪ ಅನ್ನಿಸಿ ಮನೆಗೆ ಕಳಿಸುವ ನಾಟಕವಾಗಿದ್ದರೆ ಇವತ್ತು ಯಾರೂ ನೆನೆಸುತ್ತಿರಲಿಲ್ಲ.

ನಮ್ಮ ಅಂಗಳಕ್ಕೆ ಬಂದಾಗ ಏನಾಯಿತು? ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಬೇಕು. ರೈತರ ಸಭೆಗಳಲ್ಲಿ ಆ ಕೇರಿಯ ಹಾಡುಗಳನ್ನು ನಾವು ಹಾಡಿದ್ದೇವೆ, ಈಗಲೂ ಹಾಡ್ತೇವೆ. ಧಾಟಿ ಚೆನ್ನಾಗಿದೆ, ರಕ್ತ ಬಿಸಿಯಾಗುತ್ತದೆ. ಅದೇ ಕೇರಿಯವರು ನಾಟಿಯ ಕಾಲಕ್ಕೆ ಕೂಲಿ ಹೆಚ್ಚು ಕೇಳಿದಾಗ? “ಕಬ್ಬಿಗೆ ಬೆಲೆ ಇಲ್ಲ, ಅಡಿಕೆಗೆ ಕೊಳೆರೋಗ, ಎಲ್ಲಿಂದ ಕೊಡೋಣ?” ಎಂದು ನಾವೇ ಹೇಳಿದ್ದೇವೆ. ಅದರಲ್ಲಿ ನಿಜವೂ ಇದೆ. ಆದರೆ 1951ರಲ್ಲಿ ಧಣಿಯೂ ತನ್ನ ಕಷ್ಟವನ್ನೇ ಹೇಳಿದ್ದ. ಕೂಲಿ ಅಳೆಯುವ ಕೊಳಗ ಇವತ್ತು ನಮ್ಮ ಕೈಯಲ್ಲಿದೆ, ಓದುಗರೇ. ಗೇಣಿದಾರರಾಗಿದ್ದಾಗ ಅದು ದೊಡ್ಡದಾಯಿತು ಅಂತ ಜೈಲಿಗೆ ಹೋದವರ ಮಕ್ಕಳು, ಮೊಮ್ಮಕ್ಕಳು ನಾವು. ಕೂಲಿಯವನ ಎದುರು ಅದನ್ನು ಸಣ್ಣದು ಮಾಡಿ, ಸಂಜೆ ಸಭೆಯಲ್ಲಿ ಅವನದೇ ಹಾಡು ಹಾಡಿದರೆ ಅದು ಯಾವ ಲೆಕ್ಕಕ್ಕೆ? ಹಾಡು ಸಾಲ ತಂದದ್ದಾಗಿದ್ದರೆ ತೀರಿಸಬೇಕಾದದ್ದು ನಾವು. ತೀರಿಸುವುದು ಇನ್ನೊಂದು ಹಾಡಿನಿಂದ ಆಗುವುದಿಲ್ಲ, ಶನಿವಾರದ ಬಟವಾಡೆಯಿಂದ ಆಗಬೇಕು. ನಮ್ಮ ಎಷ್ಟೋ ಸದಸ್ಯರಿಗೆ ಈ ಮಾತು ರುಚಿಸುವುದಿಲ್ಲ ಎಂದು ಗೊತ್ತಿದ್ದೇ ಬರೆದಿದ್ದೇವೆ. ಸಿಟ್ಟು ಬಂದವರು ಪತ್ರ ಬರೆಯಲಿ, ಅಚ್ಚು ಹಾಕುತ್ತೇವೆ.

ಹೊರಗಿನ ಲೋಕದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. 1937ರ ಏಪ್ರಿಲಿನಲ್ಲಿ ಸ್ಪೇನಿನ ಬಾಸ್ಕ್ ಜನರ ಗೆರ್ನಿಕಾ ಎಂಬ ಪಟ್ಟಣದ ಮೇಲೆ, ಸಂತೆಯ ದಿನ, ಹಿಟ್ಲರನ ವಿಮಾನಗಳು ಬಾಂಬು ಸುರಿದವು. ಅಲ್ಲಿನ ಸರ್ವಾಧಿಕಾರಿ ಫ್ರಾಂಕೋ ಕಡೆಯವರ ಪರವಾಗಿ ಬಂದ ವಿಮಾನಗಳವು. ಪಿಕಾಸೋ ಎಂಬ ಚಿತ್ರಕಾರ ಅದನ್ನು ಗೋಡೆಯಗಲದ ಚಿತ್ರ ಬರೆದ. ಚಿತ್ರ ದೊಡ್ಡದೋ ಅಲ್ಲವೋ ಎನ್ನುವುದು ತಿಳಿದವರ ಮಾತು. ನಮಗೆ ಹಿಡಿಸಿದ್ದು ಅವನು ಹಾಕಿದ ಷರತ್ತು. ಸ್ಪೇನಿನ ಜನರ ಸ್ವಾತಂತ್ರ್ಯ ಮರಳಿ ಬರುವವರೆಗೆ ಈ ಚಿತ್ರ ಸ್ಪೇನಿಗೆ ಹೋಗಕೂಡದು ಎಂದ. ಫ್ರಾಂಕೋ ಸತ್ತು, ಪಿಕಾಸೋ ಕೂಡ ಸತ್ತು, ಚುನಾವಣೆಯೆಲ್ಲ ಆದ ಮೇಲೆ, 1981ರಲ್ಲಿ ಚಿತ್ರ ಊರಿಗೆ ಬಂತು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಚಿತ್ರವೂ ಗಡೀಪಾರು. ಕಲೆ ಹೋರಾಟದ ಜೊತೆಗಿದೆ ಅನ್ನೋದಕ್ಕೆ ಇಷ್ಟು ನಿಷ್ಠುರವಾದ ಕರಾರು ಇರಬೇಕು. ನಮ್ಮಲ್ಲಿ ಗೋಲಿಬಾರು ಮಾಡಿಸಿದ ಸರ್ಕಾರ ಮುಂದಿನ ವರ್ಷ ಉತ್ಸವ ಮಾಡಿ ಕರೆದರೆ ಹಾರ್ಮೋನಿಯಂ ಎತ್ತಿಕೊಂಡು ಹೊರಡುವವರು ಕಡಿಮೆಯೇ?

ಹತ್ತಿರದ ಇನ್ನೊಂದು ಉದಾಹರಣೆ. 2020-21ರಲ್ಲಿ ದೆಹಲಿಯ ಗಡಿಯಲ್ಲಿ ಪಂಜಾಬು, ಹರಿಯಾಣ, ಉತ್ತರ ಪ್ರದೇಶದ ರೈತರು ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತರಲ್ಲ, ಅಲ್ಲಿ ಟ್ರಾಕ್ಟರು ಎಷ್ಟಿದ್ದವೋ ಹಾಡೂ ಅಷ್ಟೇ ಇದ್ದವು. ಪಂಜಾಬಿನ ಹೆಸರುವಾಸಿ ಹಾಡುಗಾರರು ಬಂದರು. ಬಂದವರು ಲಂಗರಿನಲ್ಲಿ ರೊಟ್ಟಿ ತಿಂದು, ವೇದಿಕೆಯ ಮೇಲೆ ರೈತ ಮುಖಂಡರು ಹೇಳಿದಷ್ಟು ಹೊತ್ತು ಹಾಡಿ ಇಳಿದರು. ತೀರ್ಮಾನ ಮಾಡುವ ಕೆಲಸ ಸಂಘಗಳ ಕೈಯಲ್ಲೇ ಉಳಿಯಿತು. 2021ರ ಮಾರ್ಚ್ 20ರಂದು ರಾಕೇಶ್ ಟಿಕಾಯತ್, ದರ್ಶನ್ ಪಾಲ್ ಮೊದಲಾದವರು ಶಿವಮೊಗ್ಗಕ್ಕೆ ಬಂದು ಮಹಾಪಂಚಾಯತ್ ನಡೆಸಿದಾಗ ಅವರ ಹಿಂದಿ ನಮ್ಮ ಅರ್ಧ ಜನಕ್ಕೆ ಅರ್ಥವಾಗಲಿಲ್ಲ. ಪೇಟ ಅರ್ಥವಾಯಿತು, ಹಸಿರು ಶಾಲು ಅವರಿಗೆ ಅರ್ಥವಾಯಿತು. ಆ ನವೆಂಬರಿನಲ್ಲಿ ಮೂರು ಕಾನೂನು ವಾಪಸಾದವು. ಹಾಡಿನಿಂದ ವಾಪಸಾದವೆಂದು ಹೇಳುವಷ್ಟು ಹುಚ್ಚು ನಮಗಿಲ್ಲ. ಡಿಸೆಂಬರಿನ ಆ ಚಳಿಯಲ್ಲಿ ರಸ್ತೆಯ ಮೇಲೆ ಮಲಗಿದ್ದ ಮುದುಕರನ್ನು ಬೆಳಗ್ಗೆ ಎಬ್ಬಿಸಿದ್ದು ಏನು ಅಂತ ಹೋಗಿ ಬಂದವರನ್ನು ಕೇಳಿ.

ಶರಾವತಿಯ ವಿಚಾರ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ನಾಡಿಗೆ ದೀಪ ಬಂತು, ಮುಳುಗಿದವರು ಕತ್ತಲೆಗೆ ಹೋದರು. ಸಾಗರದ ನಾ. ಡಿಸೋಜ, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಆ ಯೋಜನೆಯನ್ನು ಕಣ್ಣಾರೆ ಕಂಡವರು, ಮುಳುಗಡೆಯ ಕತೆಗಳನ್ನು ಬರೆದರು. ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂತು. ಡಿಸೋಜ 2025ರ ಜನವ���ಿಯಲ್ಲಿ ತೀರಿಕೊಂಡರು. ಹಿನ್ನೀರಿನ ಆಚೆಯವರಿಗೆ ಸಿಗಂದೂರಿನ ಸೇತುವೆ ತೆರೆದದ್ದು ಅದೇ ವರ್ಷ ಜುಲೈನಲ್ಲಿ. ಮುಳುಗಿಸಿ ಅರವತ್ತು ವರ್ಷವಾದ ಮೇಲೆ! ಎಷ್ಟೋ ಸಂತ್ರಸ್ತರು ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ಡಿಸೋಜರನ್ನು ನಾವು ದೂರುವುದಿಲ್ಲ. ಬರೆದದ್ದಷ್ಟೇ ಅಲ್ಲ, ಸಾಗರದ ಜನರ ಜೊತೆ ಬೀದಿಗೂ ಇಳಿಯುತ್ತಿದ್ದ ಮನುಷ್ಯ. ದೂರಬೇಕಾದದ್ದು ಸಿನಿಮಾ ನೋಡಿ ಕಣ್ಣೊರೆಸಿಕೊಂಡು, ಕಣ್ಣೊರೆಸಿಕೊಂಡದ್ದರಿಂದಲೇ ಕರ್ತವ್ಯ ಮುಗಿಯಿತೆಂದು ಎದ್ದು ಹೋದ ನಮ್ಮನ್ನು. ನಾವು ಅಂದರೆ ಶಿವಮೊಗ್ಗ ಪೇಟೆಯವರು, ತುಂಗೆಯ ದಂಡೆಯವರು, ಭದ್ರಾ ಕಾಲುವೆಯ ನೀರು ಕುಡಿದವರು, ಆ ದೀಪದಲ್ಲಿ ಓದಿದವರು.

ಭದ್ರಾವತಿಗೇ ಮತ್ತೆ ಬರೋಣ, ಯಾಕೆಂದರೆ ಅಲ್ಲಿ ನಮ್ಮದೊಂದು ಬಾಕಿ ಉಳಿದಿದೆ. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಕಾರ್ಖಾನೆಯನ್ನು ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಮುಚ್ಚುತ್ತೇವೆ ಎಂದು ದೆಹಲಿಯಿಂದ ತೀರ್ಮಾನ ಬಂತು. ಕಾಗದದ ಕಾರ್ಖಾನೆ ಅದಕ್ಕೂ ಮುಂಚೆಯೇ ನಿಂತಿತ್ತು. ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಎದುರು ತಿಂಗಳುಗಟ್ಟಲೆ ಧರಣಿ ಕೂತರು. ಆ ಮೇಲೆ ಉತ್ಪಾದನೆ ಭಾಗಶಃ ಮತ್ತೆ ಶುರುವಾಯಿತು, ಆತಂಕ ಮುಗಿದಿಲ್ಲ. ಆ ಧರಣಿಗೆ ನಮ್ಮಲ್ಲಿ ಎಷ್ಟು ಜನ ಹೋದೆವು? ಮುಖಂಡರು ಹೋಗಿ ಬೆಂಬಲದ ಭಾಷಣ ಮಾಡಿ ಫೋಟೋ ತೆಗೆಸಿಕೊಂಡು ಬಂದರು. ಹಾಡುವವರು ಹೋಗಲಿಲ್ಲ, ಡೊಳ್ಳಿನವರು ಹೋಗಲಿಲ್ಲ. ಅವರು ನಮ್ಮ ಹಳ್ಳಿಗಳಿಂದಲೇ ಕಾರ್ಖಾನೆಗೆ ಹೋದವರ ಮಕ್ಕಳು. ಅವರ ಸಂಬಳ ನಿಂತರೆ ನಮ್ಮ ಸೊಪ್ಪು, ಹಾಲು, ಅಕ್ಕಿ ಕೊಳ್ಳುವ ಸಂತೆಯೂ ನಿಲ್ಲುತ್ತದೆ. ಬೆಲೆಯ ಲೆಕ್ಕ ಕೇಳಿದ ಹುಡುಗ ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಆದ್ದರಿಂದ ಮೂರು ಸಂಗತಿ ಕೇಳಿಕೊಳ್ಳುತ್ತೇವೆ. ಸಭೆಯಲ್ಲಿ ನಾಲ್ಕು ಹಾಡು ಬೇಡ, ಒಂದು ಸಾಕು, ಮತ್ತು ಆ ಒಂದನ್ನು ಹಾಡುವ ಮುಂಚೆ ಅದು ಯಾವ ಊರಿನದು, ಯಾವ ಹೋರಾಟದ್ದು ಎಂದು ಹೇಳಿ ಹಾಡಿ. ಮುಂದಿನ ಸಲ ಭದ್ರಾವತಿಯ ಕಾರ್ಮಿಕರು ಕೂತಾಗ, ಯಾರೂ ಕರೆಯುವುದನ್ನು ಕಾಯದೆ, ತಮಟೆ ಡೊಳ್ಳಿನವರು ಹೋಗಿ ಅವರು ಹೇಳಿದಷ್ಟು ಹೊತ್ತು ಇದ್ದು ಬನ್ನಿ. ಮೂರನೆಯದು ಓದುಗರಿಗೆ. 1980ರ ನಂತರ ನಿಮ್ಮ ಊರ ಬಾಗಿಲಲ್ಲಿ ಹಾಕಿದ್ದ ಬೋರ್ಡಿನಲ್ಲಿ ಏನು ಬರೆದಿತ್ತು ಅಂತ ನೆನಪಿದ್ದವರು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಬೋರ್ಡೇ ಉಳಿದಿದ್ದರೆ, ಹಟ್ಟಿಯಲ್ಲೋ ಅಟ್ಟದ ಮೇಲೋ ನೋಡಿ, ಫೋಟೋ ತೆಗೆದು ಕಳಿಸಿ. ಬರೆದವರು ಬದುಕಿದ್ದು ಒಪ್ಪಿದರೆ ಅವರ ಹೆಸರನ್ನೂ ಸೇರಿಸಿ. ಆಗ ಹಾಡುತ್ತಿದ್ದ ಹಾಡು ಯಾರಿಗಾದರೂ ನೆನಪಿದ್ದರೆ ಅದನ್ನೂ ಬರೆಯಿರಿ, ಅರ್ಧ ನೆನಪಿದ್ದರೆ ಅರ್ಧವನ್ನೇ. ಧಾಟಿ ಯಾವುದೆಂದು ತಪ್ಪದೆ ತಿಳಿಸಿ, ಕೋಲಾಟದ್ದೋ, ಬೀಸುವ ಪದದ್ದೋ, ದೀಪಾವಳಿಯ ಅಂಟಿಗೆ-ಪಂಟಿಗೆಯದ್ದೋ, ಸಿನಿಮಾದ್ದೋ. ಸಿನಿಮಾದ್ದಾದರೂ ನಾಚಿಕೆ ಬೇಡ.